ಪೋಸ್ಟಮ್ಮ ಕಲಿಸಿದ ಇಂಗ್ಲಿಷು

ಮೊನ್ನೆ ಭಾನುವಾರ ಹಳೇ ಪೇಪರಿನವನಿಗೆ ಮನೆಯ ರದ್ದಿಯನ್ನೆಲ್ಲ ಹಾಕುತ್ತಿದ್ದೆ. ತಕ್ಕಡಿಗೆ ಏರಿಸುವ ಮುಂಚೆ ಆತ ಕಟ್ಟಿನಿಂದ ಒಂದು ನೋಟ್‌ಬುಕ್ಕನ್ನು ಹೊರಗೆಳೆದು, "ಅಕ್ಕ, ಇದ್ರಲ್ಲಿ ಏನೋ ಬರ್ದಿದೆ, ಇದೂ ಹಾಕ್ಲಾ?" ಎಂದು ಕೇಳಿದ. ಇಸಿದುಕೊಂಡು ನೋಡಿದೆ. ನನ್ನದೇ ಅಕ್ಷರ, ಆದರೆ ಇಂಗ್ಲಿಷು. 'ಮೇಕೆಯು ಪತ್ರವನ್ನು ತಿಂದಿತು' ಎಂಬ ಅರ್ಥದ ಒಂದು ಸಾಲು. ಅದರ ಕೆಳಗೆ, 'ಪತ್ರವು ಮೇಕೆಯಿಂದ ತಿನ್ನಲ್ಪಟ್ಟಿತು' ಎಂಬ ಇನ್ನೊಂದು. ಕನ್ನಡದಲ್ಲಿ ಯಾವ ಮೇಕೆಯಿಂದಲೂ ಏನೂ ತಿನ್ನಲ್ಪಡುವುದಿಲ್ಲ. ಮೇಕೆ ತಿಂತು ಅಂದರೆ ತಿಂತು, ಮುಗೀತು. ಆದರೆ ಇಂಗ್ಲಿಷಿನಲ್ಲಿ ಹೀಗೆ ತಿರುವಿ ಹಾಕಿದರೆ ಮಾರ್ಕ್ಸ್ ಕೊಡುತ್ತಾರೆ. ನಾನು ಅಲ್ಲೇ ಗೇಟಿನ ಹತ್ತಿರ ನಿಂತು ನಗುತ್ತಿದ್ದೆ. ಆತ ನನ್ನನ್ನೊಮ್ಮೆ, ನೋಟ್‌ಬುಕ್ಕನ್ನೊಮ್ಮೆ ನೋಡಿ, "ಬೇಡ ಬಿಡಿ ಅಕ್ಕ, ಇಟ್ಕೊಳಿ" ಎಂದ.

ಆ ಮೇಕೆಯ ಕತೆಯನ್ನು ನಿಮಗೆ ಹೇಳಿಬಿಡುತ್ತೇನೆ. ಹೇಳಬೇಕಾದರೆ ನಾನು ಪಿಯುಸಿಯಲ್ಲಿ ಇಂಗ್ಲಿಷ್ ಫೇಲಾದದ್ದನ್ನೂ ಹೇಳಬೇಕು. ಮುಚ್ಚಿಡಲು ಈಗ ಕಾರಣವೂ ಇಲ್ಲ.

ನಮ್ಮ ಮನೆ ಇರುವುದು ಕೊಡಿಗೇಹಳ್ಳಿಯಲ್ಲಿ. ಅತ್ತೆಯವರ ಕಾಲದ ಹೆಂಚಿನ ಮನೆ. ಎಡಕ್ಕೆ ನಾಲ್ಕು ಮಹಡಿಯ ಪಿಜಿ, ಬಲಕ್ಕೆ ಅಲ್ಯುಮಿನಿಯಂ ಕಿಟಕಿ ಮಾಡುವ ಅಂಗಡಿ. ನಡುವೆ ನಾವು, ದೊಡ್ಡವರ ಫೋಟೋದಲ್ಲಿ ಸಿಕ್ಕಿಕೊಂಡ ಮಗುವಿನಂತೆ. ಯಜಮಾನರು ಯಶವಂತಪುರದ ಮಂಡಿಯಲ್ಲಿ ಕೆಲಸಕ್ಕೆ ಹೋಗುತ್ತಾರೆ. ಮಗ ಡಿಪ್ಲೊಮಾ ಓದಲು ತುಮಕೂರಿನ ಹಾಸ್ಟೆಲ್ಲಿನಲ್ಲಿದ್ದ. ನಾನು ಎರಡು ಕ್ರಾಸ್ ಆಚೆ ಇರುವ ಒಂದು ಪುಟಾಣಿ ಮಕ್ಕಳ ಶಾಲೆಯಲ್ಲಿ ಆಯಾ ಆಗಿದ್ದೆ. ಹನ್ನೊಂದು ವರ್ಷ ಮೂಗು ಒರೆಸಿದೆ, ಚಡ್ಡಿ ಬದಲಾಯಿಸಿದೆ, ಅಮ್ಮನನ್ನು ನೆನೆದು ಅಳುವವರನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಂಗಳ ಸುತ್ತಿದೆ. ಯಾವ ಮಗು ಎಷ್ಟು ಹೊತ್ತಿಗೆ ಅಳುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು.

ಒಂದು ದಿನ ಮಕ್ಕಳೆಲ್ಲ ಹೋದ ಮೇಲೆ ಪ್ರಿನ್ಸಿಪಾಲ್ ಮೇಡಂ ನನ್ನನ್ನು ಕರೆದರು.

"ಸುಜಾತ, ಜೂನ್‌ನಿಂದ ನರ್ಸರಿಗೆ ಒಬ್ರು ಅಸಿಸ್ಟೆಂಟ್ ಟೀಚರ್ ಬೇಕು. ಮಕ್ಕಳು ನಿಮ್ಮನ್ನ ಬಿಟ್ಟು ಬೇರೆಯವ್ರ ಹತ್ರ ಹೋಗಲ್ಲ. ನೀವೇ ಯಾಕಾಗ್ಬಾರ್ದು? ಪಿಯುಸಿ ಆಗಿದೆ ತಾನೆ?"

"ಆಗಿದೆ ಮೇಡಂ" ಎಂದೆ.

"ಹಾಗಾದ್ರೆ ಮಾರ್ಕ್ಸ್ ಕಾರ್ಡ್ ತಂದುಕೊಡಿ."

ಇಲ್ಲಿ ಒಂದು ವಿಷಯ ಇದೆ. ನನ್ನನ್ನು ನೋಡಲು ಬಂದಾಗ ನಮ್ಮ ಕಡೆಯವರು 'ಹುಡುಗಿ ಪಿಯುಸಿ' ಎಂದಿದ್ದರು. ಪಾಸೋ ಫೇಲೋ ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಮದುವೆಯಾದಾಗಿನಿಂದ ಅತ್ತೆ ಮುನಿವೆಂಕಟಮ್ಮನವರು ಬೀದಿಯಲ್ಲಿ ಯಾರೇ ಸಿಕ್ಕರೂ 'ನಮ್ ಸೊಸೆ ಪಿಯುಸಿ' ಎಂದು ಹೇಳಿಕೊಂಡು ಬಂದಿದ್ದಾರೆ. ರೇಷನ್ ಅಂಗಡಿಯಲ್ಲಿ, ಗ್ಯಾಸಿನವನ ಹತ್ತಿರ, ಓಟು ಕೇಳಲು ಬಂದವರ ಹತ್ತಿರ. ಅದನ್ನು ಕೇಳಿದಾಗಲೆಲ್ಲ ನನಗೆ ಸೀರೆಯ ಸೆರಗಿಗೆ ಯಾರೋ ಪಿನ್ನು ಚುಚ್ಚಿದಂತಾಗುತ್ತಿತ್ತು. ಕನ್ನಡದಲ್ಲಿ ಎಂಬತ್ತೆಂಟು ತೆಗೆದವಳು ನಾನು. ಲೈಬ್ರರಿಯಿಂದ ವಾರಕ್ಕೆರಡು ಕಾದಂಬರಿ ತಂದು ಓದುವವಳು. ಇಂಗ್ಲಿಷಿನಲ್ಲಿ ಮಾತ್ರ ಇಪ್ಪತ್ತೇಳು. ಮರುವರ್ಷ ಮತ್ತೆ ಬರೆದೆ, ಆಗ ಇಪ್ಪತ್ತನಾಲ್ಕು. ಓದಿದಷ್ಟೂ ಕಮ್ಮಿಯಾಗುತ್ತದೆ ಎಂದು ಗಾಬರಿಯಾಗಿ ಅಲ್ಲಿಗೇ ನಿಲ್ಲಿಸಿದ್ದೆ.

ಮಾರ್ಕ್ಸ್ ಕಾರ್ಡಿನ ಸಂಗತಿಯನ್ನು ಮೊದಲು ಹೇಳಿದ್ದು ಶಾಹೀನ್‌ಗೆ. ಶಾಹೀನ್ ನಮ್ಮ ಶಾಲೆಯಲ್ಲೇ ಯುಕೆಜಿ ಟೀಚರು, ಗಂಗಾನಗರದಿಂದ ದಿನಾ ಸ್ಕೂಟಿಯಲ್ಲಿ ಬರುತ್ತಾಳೆ. ನನಗಿಂತ ಐದಾರು ವರ್ಷ ಚಿಕ್ಕವಳು. ಏಳನೇ ಕ್ಲಾಸಿನವರೆಗೆ ಉರ್ದು ಮೀಡಿಯಮ್ಮಿನಲ್ಲಿ ಓದಿ, ಆಮೇಲೆ ಹಟ ಹಿಡಿದು ಇಂಗ್ಲಿಷು ಕಲಿತವಳು. ತಿಂಡಿಯ ಡಬ್ಬಿ ತೆರೆಯುತ್ತಾ ನಾನು ಎಲ್ಲ ಹೇಳಿಕೊಂಡೆ. ಅವಳು ಚಪಾತಿ ಮುರಿಯುತ್ತಾ ಕೇಳಿದಳು.

"ಮತ್ತೆ ಬರೀಬಹುದಲ್ವಾ? ರಿಪೀಟರ್ಸ್‌ಗೆ ಅವಕಾಶ ಇದೆ."

"ನಲವತ್ಮೂರು ವರ್ಷಕ್ಕಾ?"

"ಪೇಪರ್ ಮೇಲೆ ವಯಸ್ಸು ಬರ್ಯೋಕೆ ಮಾರ್ಕ್ಸ್ ಇಲ್ಲ. ಟೆನ್ಷನ್ ನಕ್ಕೋ, ಚಿಂತೆ ಬೇಡ, ನಾನಿದೀನಿ."

ಮೇಡಂಗೂ ಅವಳೇ ಹೇಳಿ ಒಪ್ಪಿಸಿದಳು. ಜೂನ್‌ವರೆಗೆ ಕಾಯುತ್ತೇನೆ, ಆಮೇಲೆ ಆಗುವುದಿಲ್ಲ ಎಂದರು ಮೇಡಂ. ಅರ್ಜಿ ತುಂಬಿದ್ದಾಯಿತು, ಗೈಡು ತಂದದ್ದಾಯಿತು. ಮನೆಯಲ್ಲಿ ಯಜಮಾನರಿಗೆ ಮಾತ್ರ ತಿಳಿಸಿದೆ. "ಓದು, ಯಾರ್ ಬೇಡ ಅಂದ್ರು" ಎಂದರು. ಗೈಡಿನ ಜೊತೆ ನನ್ನ ಸಂಬಂಧ ಹೇಗಿತ್ತೆಂದರೆ, ಮೂರನೇ ಪುಟಕ್ಕೆ ನಿದ್ದೆ. ಶಾಲೆಯಲ್ಲಿ ಯಾವ ಮಗುವೂ ಅಷ್ಟು ಬೇಗ ಮಲಗಿದ್ದನ್ನು ನಾನು ಕಂಡಿಲ್ಲ. ಎರಡು ವಾರ ನೋಡಿದ ಶಾಹೀನ್ ಒಂದು ದಿನ ಬ್ಯಾಗಿನಿಂದ ಹಳೆಯ ಟ್ಯಾಬ್ ಒಂದನ್ನು ತೆಗೆದು ನನ್ನ ಮುಂದಿಟ್ಟಳು. ಮೂಲೆಯಲ್ಲಿ ಗಾಜು ಸೀಳಿತ್ತು, ಹಿಂದೆ ಚಿಟ್ಟೆಯ ಸ್ಟಿಕ್ಕರ್.

"ನನ್ ಮಗಳು ಆನ್‌ಲೈನ್ ಕ್ಲಾಸಿಗೆ ಇಟ್ಕೊಂಡಿದ್ದು. ಇದ್ರಲ್ಲಿ ಒಂದು ಗೇಮ್ ಇದೆ. ಇನ್ಮೇಲೆ ಇದೇ ನಿಮ್ ಟೆಕ್ಸ್ಟ್ ಬುಕ್."

"ಗೇಮಾ? ನಾನಾ?"

"ಹೊಡೆದಾಡೋದಲ್ಲ. ಓದೋದು. ಓದದೇ ಇದ್ರೆ ಮುಂದಕ್ಕೇ ಹೋಗಲ್ಲ. ನಾನೂ ಇದ್ರಲ್ಲೇ ಎಷ್ಟೋ ಕಲಿತೆ, ಯಾರ್ಗೂ ಹೇಳ್ಬೇಡಿ."

ಅವಳದೊಂದು ಷರತ್ತಿತ್ತು. ದಿನಾ ಆಡಿದ ಮೇಲೆ, ಯಾರು ಯಾರಿಗೆ ಏನು ಹೇಳಿದರು ಎಂಬುದನ್ನು ಹತ್ತು ವಾಕ್ಯದಲ್ಲಿ ಇಂಗ್ಲಿಷಿನಲ್ಲಿ ಬರೆದು ಮರುದಿನ ಅವಳಿಗೆ ತೋರಿಸಬೇಕು.

ಆಟ ಹೀಗಿತ್ತು. ಕಡಲ ನಡುವೆ ಒಂದು ಪುಟ್ಟ ದ್ವೀಪ. ದೋಣಿಯಿಂದ ಒಬ್ಬ ಹೆಂಗಸು ಇಳಿಯುತ್ತಾಳೆ, ಭುಜಕ್ಕೆ ಚೀಲ, ತಲೆಗೆ ನೀಲಿ ಟೋಪಿ. ಅವಳು ಆ ಊರಿಗೆ ಹೊಸದಾಗಿ ಬಂದ ಪೋಸ್ಟಮ್ಮ. ಅವಳೇ ನಾನು. ಬೇಕರಿಯವಳು, ದೋಣಿ ರಿಪೇರಿಯವನು, ಲೈಟ್‌ಹೌಸಿನ ಮುದುಕ, ಹೀಗೆ ಹದಿನಾಲ್ಕು ಮನೆ. ಅವರವರ ಕಾಗದ ಅವರವರಿಗೆ ತಲುಪಿಸಬೇಕು. ವಿಳಾಸ ಸರಿಯಾಗಿ ಬರೆದಿರುವುದಿಲ್ಲ. 'ಸೇತುವೆಯ ಹಿಂದೆ, ಗಿರಣಿಯ ಪಕ್ಕ, ಇಬ್ಬರು ಸೋದರರ ನಡುವಿನ ಮನೆ' ಎಂದಿರುತ್ತದೆ. ನನ್ನ ಜನ್ಮದಲ್ಲಿ ಅರ್ಥವಾಗದಿದ್ದ ಇಂಗ್ಲಿಷಿನ ಹಿಂದೆ-ಮುಂದೆ-ಪಕ್ಕ-ನಡುವೆಗಳು, ತಪ್ಪು ಬಾಗಿಲು ಬಡಿದು ಬೈಸಿಕೊಂಡ ಮೂರೇ ದಿನದಲ್ಲಿ ಅರ್ಥವಾದವು. ದಾರಿಯಲ್ಲಿ ಒಂದು ಮೇಕೆ. ಓದುತ್ತಾ ಅದರ ಹತ್ತಿರ ಬಹಳ ಹೊತ್ತು ನಿಂತರೆ ಚೀಲಕ್ಕೆ ಬಾಯಿ ಹಾಕುತ್ತದೆ. ನಾನು ಓದುವುದು ನಿಧಾನ. ಮೊದಲ ವಾರ ಆ ಮೇಕೆ ನನ್ನ ದಯೆಯಿಂದ ಹೊಟ್ಟೆತುಂಬ ಕಾಗದ ತಿಂದಿತು.

ಎಲ್ಲಕ್ಕಿಂತ ಕಷ್ಟವಾದದ್ದು ಬಾಯಿಮಾತು. ದ್ವೀಪದಲ್ಲಿ ಕೆಲವರು ಕಾಗದ ಬರೆಯುವುದಿಲ್ಲ. ದೋಣಿಯವನು, 'ಬೇಕರಿಯವಳಿಗೆ ಹೇಳು, ನಾನು ನಾಳೆ ಊಟಕ್ಕೆ ಬರುತ್ತೇನೆ' ಎಂದ. ಬೇಕರಿಗೆ ಹೋದರೆ ಪರದೆಯ ಮೇಲೆ ಮೂರು ವಾಕ್ಯ ಬಂದವು, ಯಾವುದನ್ನು ಹೇಳುತ್ತೀ ಎಂದು. ನಾನು ಅವನಂದದ್ದನ್ನೇ ಹಾಗೇ ಆರಿಸಿದೆ: 'ಐ ವಿಲ್ ಕಮ್ ಟುಮಾರೊ.' ಬೇಕರಿಯವಳು ಸಂತೋಷದಿಂದ ತಲೆಯಾಡಿಸಿದಳು. ಮಾರನೇ ದಿನ ಹೋದರೆ ಮುಖ ಊದಿಸಿಕೊಂಡಿದ್ದಾಳೆ. ನನಗೇ ಎಂದು ತಟ್ಟೆ ಹಾಕಿ ಕಾದಿದ್ದಳಂತೆ. ಅತ್ತ ದೋಣಿಯವನಿಗೆ ಊಟವೇ ಇಲ್ಲ.

ಇದೆಲ್ಲ ನಡೆಯುತ್ತಿದ್ದದ್ದು ಮಧ್ಯಾಹ್ನ. ಎರಡೂವರೆಗೆ ಮನೆಗೆ ಬಂದು, ಊಟ ಮಾಡಿ, ಅತ್ತೆ ಜಗಲಿಯಲ್ಲಿ ಅಡ್ಡಾದ ಮೇಲೆ ನಾನು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಟ್ಯಾಬ್ ಹಿಡಿದು ಕೂರುತ್ತಿದ್ದೆ. ಬೇಕರಿಯವಳು ಮುನಿಸಿಕೊಂಡ ದಿನ ನಾನು ಎಷ್ಟು ಮುಳುಗಿದ್ದೆನೆಂದರೆ ಅತ್ತೆ ಬಂದು ಬೆನ್ನ ಹಿಂದೆ ನಿಂತದ್ದು ಗೊತ್ತಾಗಲಿಲ್ಲ.

"ಏನೇ ಅದು? ದಿನಾ ಬಾಗ್ಲು ಮುಂದ್ಕೆ ಮಾಡ್ಕೊಂಡು ಏನ್ ನೋಡ್ತೀಯ?"

ಟ್ಯಾಬನ್ನು ಸೆರಗಿನೊಳಗೆ ಸೇರಿಸಲು ಹೋದೆ. ಅದು ಟಿಂಗ್ ಎಂದಿತು.

"ಗೇಮು ಅತ್ತೆ."

"ಮಗ ಆಡಿದ್ರೆ ಬೈತಿದ್ದೆ. ಈಗ ಅವ್ನ್ ಆಸ್ಟೆಲ್ಗೆ ಓದ, ನೀನ್ ಆಡ್ತಾ ಕುಂತಿದ್ದೀಯ."

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನಿಸಿತು. ಎಲ್ಲ ಹೇಳಿಬಿಟ್ಟೆ. ಪರೀಕ್ಷೆಯ ವಿಷಯ, ಕೆಲಸದ ವಿಷಯ, ಕೊನೆಗೆ ಇಪ್ಪತ್ತೇಳರ ವಿಷಯ. ಹೇಳುವಾಗ ತಲೆ ಎತ್ತಲಿಲ್ಲ. ಒಲೆಯ ಕಟ್ಟೆಯ ಮೇಲೆ ಅಂಟಿದ್ದ ಒಂದು ಸಾಸಿವೆಕಾಳನ್ನು ಉಗುರಿನಿಂದ ಕೀಳುತ್ತಾ ಹೇಳಿದೆ. "ನೀವು ಊರ್ಗೆಲ್ಲ ಪಿಯುಸಿ ಪಿಯುಸಿ ಅಂತ ಹೇಳ್ಕೊಂಡ್ ಬಂದ್ರಿ. ನಾನು ಫೇಲು ಅತ್ತೆ."

ಅತ್ತೆ ನಿಧಾನವಾಗಿ ಗೋಡೆ ಹಿಡಿದುಕೊಂಡು ಕೆಳಗೆ ಕೂತರು.

"ಗೊತ್ತಿತ್ತು ಕಣೇ."

"ಯಾರ್ ಹೇಳಿದ್ರು?"

"ನಿಮ್ಮಪ್ಪನೇ ಯೋಳಿದ್ರು, ಮಾತುಕತೆ ದಿನವೇ. ನಮ್ಮೆಜಮಾನ್ರನ್ನ ಆಚೆಗ್ ಕರ್ಕೊಂಡೋಗಿ, ಸುಳ್ಳು ಬೇಡ ಅಂತ ಯೋಳಿದ್ರು. ಒಳ್ಳೆ ಮನ್ಸ." ಎಲೆ ಚೀಲ ಬಿಚ್ಚಿ ಅಡಿಕೆ ಹುಡುಕತೊಡಗಿದರು. "ನಾನು ಪಿಯುಸಿ ಅಂದೆ. ಪಾಸು ಅಂದ್ನಾ?"

ಇಪ್ಪತ್ತು ವರ್ಷ ನಾನು ಅವರಿಂದ ಬಚ್ಚಿಟ್ಟಿದ್ದೆ, ಅವರು ಅದನ್ನು ನನಗಾಗಿ ಊರಿನಿಂದ ಬಚ್ಚಿಟ್ಟಿದ್ದರು. ಅಳು ಬರುತ್ತಿತ್ತು. ಅಷ್ಟರಲ್ಲಿ ಅವರು ಟ್ಯಾಬಿನ ಕಡೆ ಗದ್ದ ತೋರಿಸಿ, "ಆ ಎಂಗ್ಸು ಯಾಕ್ ಅಂಗೆ ಮೊಕ ಊದ್ಸಿಕೊಂಡವಳೆ?" ಎಂದು ಕೇಳಿದರು.

ಕಣ್ಣೊರೆಸಿಕೊಂಡು ವಿವರಿಸಿದೆ. ಕೇಳಿ ಅವರಿಗೆ ನಿಜವಾಗಿಯೂ ಸಿಟ್ಟು ಬಂತು.

"'ನಾಳೆ ಬತ್ತೀನಿ ಅಂದ' ಅಂದ್ರೆ ಅವ್ನ್ ಬತ್ತಾನೆ ಅಂತ ಮಕ್ಳಿಗೂ ತಿಳೀತದೆ. ಈ ಜನಕ್ಕೆ ಅಷ್ಟೂ ತಿಳಿಯಾಕಿಲ್ವಾ?"

ಇಂಗ್ಲಿಷ್ ವ್ಯಾಕರಣದ ಬಗ್ಗೆ ಅಷ್ಟು ಸರಿಯಾದ ಮಾತನ್ನು ನಾನು ಯಾವ ಗೈಡಿನಲ್ಲೂ ಓದಿಲ್ಲ. ನಾವು ಕನ್ನಡದವರು ಇನ್ನೊಬ್ಬರ ಮಾತನ್ನು ಇದ್ದ ಹಾಗೇ ತಂದು ಮುಂದಿಟ್ಟು, ಕೊನೆಯಲ್ಲಿ 'ಅಂದ' ಎಂದು ಒಂದು ಗಂಟು ಹಾಕುತ್ತೇವೆ. ಇಂಗ್ಲಿಷಿನವರಿಗೆ ಆ ಗಂಟು ಸಾಲದು. 'ನಾನು' ಎಂಬುದನ್ನು ಬಿಚ್ಚಿ 'ಅವನು' ಮಾಡಬೇಕು, 'ನಾಳೆ' ಎಂಬುದನ್ನು 'ಮಾರನೇ ದಿನ' ಮಾಡಬೇಕು. ರಿಪೋರ್ಟೆಡ್ ಸ್ಪೀಚ್ ಎಂದು ನನ್ನನ್ನು ಎರಡು ಸಲ ಕೆಡವಿದ ಭೂತ ಇಷ್ಟೇ. ಅದು ನನಗೆ ಗೊತ್ತಾದದ್ದು ಅತ್ತೆ ಬೇಕರಿಯವಳನ್ನು ಬೈದ ದಿನ.

ಮರುದಿನದಿಂದ ಅವರು ಮಲಗುವುದನ್ನೇ ಬಿಟ್ಟರು. ಮೂರು ಗಂಟೆಗೆ ನನ್ನ ಪಕ್ಕ ಹಾಜರು. ಒಬ್ಬೊಬ್ಬರಿಗೂ ಹೆಸರಿಟ್ಟರು: ರೊಟ್ಟಿಯೋಳು, ದೀಪದ ಮುದ್ಕ, ದೋಣಿ ಸೋಂಬೇರಿ. ನಾನು ಓದಿದ್ದನ್ನೆಲ್ಲ ಅವರಿಗೆ ಹೇಳಬೇಕು. ಸುಮ್ಮನೆ 'ಹೀಗಾಯ್ತು' ಎಂದರೆ ಬಿಡುವವರಲ್ಲ. "ಅವ್ನ್ ಏನಂದ? ಅದ್ಕೆ ಇವ್ಳು ಏನಂದ್ಲು? ಸಿಟ್ಟಾಗ್ ಅಂದ್ಲಾ, ನಗ್ತಾ ಅಂದ್ಲಾ?" ಇಂಗ್ಲಿಷು ಓದಿ, ಕನ್ನಡದಲ್ಲಿ ಹೇಳಿ, ಮತ್ತೆ ಇಂಗ್ಲಿಷಿನಲ್ಲಿ ನೋಟ್‌ಬುಕ್ಕಿಗೆ ಬರೆಯುವಷ್ಟರಲ್ಲಿ ಪ್ರತಿ ವಾಕ್ಯವೂ ನನ್ನ ಕೈಯಲ್ಲಿ ಮೂರು ಸಲ ಹೊರಳಾಡಿರುತ್ತಿತ್ತು. ಶಾಹೀನ್ ಕೆಂಪು ಪೆನ್ನಿನಲ್ಲಿ ತಿದ್ದಿ, "ಪರವಾಗಿಲ್ವೇ, ಮನೇಲಿ ಯಾರಾದ್ರೂ ಹೇಳ್ಕೊಡ್ತಿದಾರಾ?" ಎಂದಳು. ನಮ್ಮತ್ತೆ ಎಂದೆ. ತಮಾಷೆ ಎಂದುಕೊಂಡಳು.

ಹೆಬ್ಬೆಟ್ಟಿನ ಅತ್ತೆಯ ಮುಂದೆ ನಾನು ದೊಡ್ಡ ಪಂಡಿತೆಯಂತೆ ಓದುತ್ತಿದ್ದೆನಲ್ಲ, ಅದಕ್ಕೂ ಒಂದು ಏಟು ಬಿತ್ತು. ದೀಪದ ಮುದುಕ ಪೋಸ್ಟಮ್ಮನ ಮುಂದೆ ಒಂದು ದಿನ, 'ಐ ಮಿಸ್ ಮೈ ಸಿಸ್ಟರ್' ಎಂದ. ನಮ್ಮ ಶಾಲೆಯಲ್ಲಿ ಇಡೀ ದಿನ ಕಿವಿಗೆ ಬೀಳುವುದು ಒಂದೇ ಪದ, ಮಿಸ್. ಶಾಹೀನ್ ಮಿಸ್, ರೇಖಾ ಮಿಸ್. ಹಾಗಾಗಿ ನಾನು ಸ್ವಲ್ಪವೂ ಅನುಮಾನವಿಲ್ಲದೆ, "ಇವನ ತಂಗಿ ಟೀಚರಂತೆ ಅತ್ತೆ" ಎಂದೆ. ಇಬ್ಬರೂ ಸೇರಿ ಎರಡು ಮಧ್ಯಾಹ್ನ ಆ ದ್ವೀಪದಲ್ಲಿ ಶಾಲೆ ಹುಡುಕಿದೆವು. ಬೆಟ್ಟ ಹತ್ತಿದೆವು, ಗಿರಣಿಯ ಹಿಂದೆ ನೋಡಿದೆವು. "ಇಸ್ಕೂಲೇ ಇಲ್ದಿರೋ ಊರಲ್ಲಿ ಅದೆಂಥ ಟೀಚರಮ್ಮ" ಎಂದು ಅತ್ತೆ ಬೇಸತ್ತರು.

ನೋಟ್‌ಬುಕ್ ಓದಿದ ಶಾಹೀನ್ ಸ್ಟಾಫ್ ರೂಮಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಹೇಳಿದಳು, "ಹಾಗಂದ್ರೆ, ಅವ್ಳಿಲ್ದೆ ಇವನ್ಗೆ ಏನೋ ಕಮ್ಮಿ ಅನ್ಸುತ್ತೆ ಅಂತ. ನೆನಪಾಗುತ್ತೆ, ಇದ್ದಿದ್ರೆ ಚೆನ್ನಾಗಿತ್ತು ಅನ್ಸುತ್ತೆ. ಎಲ್ಲಾ ಸೇರಿ ಒಂದೇ ಪದ."

ಸಂಜೆ ಅತ್ತೆಗೆ ಅದನ್ನು ಹಾಗೇ ಹೇಳಿದೆ. ಮುದುಕನಿಗೂ ತಂಗಿಗೂ ಯಾವುದೋ ಹಳೆಯ ಜಗಳ. ಅವಳು ಆಚೆ ದಡದಲ್ಲಿದ್ದಾಳೆ. ಒಂದು ಕಾಗದ ಬರೆಯಲು ಇವನಿಗೆ ಅಹಂಕಾರ. ಅತ್ತೆ ಬಾಯಲ್ಲಿದ್ದ ಎಲೆಯನ್ನು ಉಗಿದು ಬಂದು, "ನೀನೇ ಬರ್ದ್ಬಿಡು ಅವ್ನ್ ಪರ್ವಾಗಿ" ಎಂದರು. ಹಾಗೆಲ್ಲ ಆಗುವುದಿಲ್ಲ, ಆಟದಲ್ಲಿ ಅವನು ಒಪ್ಪಬೇಕು ಎಂದೆ. ಆ ದಿನ ಅವರು ಬೇಗ ಎದ್ದು ಹೋದರು.

ನಮ್ಮತ್ತೆಗೂ ಒಬ್ಬ ತಂಗಿ ಇದ್ದಾರೆ, ಪುಟ್ಟೇನಹಳ್ಳಿಯಲ್ಲಿ. ಲಕ್ಷ್ಮಮ್ಮ ಚಿಕ್ಕತ್ತೆ. ಇಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ ದಾರಿ. ಆರು ವರ್ಷದಿಂದ ಮಾತಿಲ್ಲ. ಕಾರಣ ಕೇಳಿದರೆ ನೀವು ನಗುತ್ತೀರಿ. ಚಿಕ್ಕತ್ತೆಯ ಮನೆ ಗೃಹಪ್ರವೇಶದಲ್ಲಿ ಸ್ವಂತ ಅಕ್ಕನನ್ನು ಎರಡನೇ ಪಂಕ್ತಿಗೆ ಕೂರಿಸಿದರು, ಅಷ್ಟರಲ್ಲಿ ಒಬ್ಬಟ್ಟು ಮುಗಿದಿತ್ತು. ಆ ಒಬ್ಬಟ್ಟು ನಮ್ಮ ಮನೆಯಲ್ಲಿ ಆರು ವರ್ಷ ಬೆಂದಿತು.

ಮಾರನೇ ದಿನ ನಾನು ಶಾಲೆಯಿಂದ ಬರುವುದನ್ನೇ ಕಾಯುತ್ತಿದ್ದ ಅತ್ತೆ, "ಲಚ್ಮಮ್ಮನ ನಂಬರ್ ಐತಾ ನಿನ್ತಾವ? ಅಚ್ಚು" ಎಂದರು. ಹಚ್ಚಿ, ಸ್ಪೀಕರಿಗೆ ಹಾಕಿ ಕೊಟ್ಟೆ. ಆ ಕಡೆಯಿಂದ ಚಿಕ್ಕತ್ತೆ, ಅಕ್ಕನ ದನಿ ಕೇಳಿದವರೇ ಕೇಳಿದ್ದು ಒಂದೇ ಮಾತು.

"ಯಾರ್ ಓದ್ರಕ್ಕಾ?"

"ಯಾರೂ ಸತ್ತಿಲ್ಲ ಕಣೇ. ಸುಮ್ಕೆ ಮಾಡ್ದೆ."

"ಸುಮ್ಕೆ ಅಂದ್ರೆ?"

"ಇಲ್ಲೊಬ್ಬ ದೀಪದ ಮುದ್ಕ ಅವ್ನೆ. ಅವ್ನ್ ಕತೆ ಕೇಳಿ ನಿನ್ ಗ್ಯಾನ ಬಂತು."

ಚಿಕ್ಕತ್ತೆ ಅಕ್ಕನಿಗೆ ಅರಳುಮರಳೋ ಏನೋ ಎಂದುಕೊಂಡಿರಬೇಕು. ಮೂರನೇ ದಿನ ಬೆಳಿಗ್ಗೆಯೇ ಚಿಕ್ಕತ್ತೆ ಒಂದು ಚೀಲ ಸೊಗಡು ಅವರೆಕಾಯಿ ಹೊತ್ತುಕೊಂಡು ಬಂದಿಳಿದರು. ಅಕ್ಕನ ತಲೆ ಸರಿಯಿದೆಯೇ ಎಂದು ನೋಡಲು ಬಂದವರು ಹದಿನೈದು ದಿನ ಇದ್ದರು. ಒಬ್ಬಟ್ಟಿನ ಮಾತು ಒಮ್ಮೆ ಬಂತು. "ಅವತ್ತು ನಿನ್ನ ಮೊದಲ್ನೇ ಪಂಕ್ತೀಲಿ ಕೂರ್ಸಿದ್ರೆ ಬಡಿಸೋರು ಯಾರಕ್ಕಾ, ಮನೆಯೋಳು ನೀನೇ ಅಲ್ವಾ" ಎಂದರು ಚಿಕ್ಕತ್ತೆ. ಅತ್ತೆ, "ಅದ್ನ ಅವತ್ತೇ ಯೋಳಕ್ಕೇನಾಗಿತ್ತು" ಎಂದರು. ಅಲ್ಲಿಗೆ ಮುಗಿಯಿತು.

ಮುಗಿದದ್ದು ಅವರ ಜಗಳ. ನನ್ನ ಕಷ್ಟ ಶುರುವಾಯಿತು. ಮಧ್ಯಾಹ್ನ ಮೂರಕ್ಕೆ ಈಗ ಇಬ್ಬರು ಪ್ರೇಕ್ಷಕರು. ನೆನೆಹಾಕಿದ ಅವರೆಕಾಳನ್ನು ಮಡಿಲಲ್ಲಿಟ್ಟುಕೊಂಡು ಹಿಚುಕುತ್ತಾ, ಬೇಳೆಯನ್ನು ಪಾತ್ರೆಗೂ ಸಿಪ್ಪೆಯನ್ನು ಮೊರಕ್ಕೂ ಹಾಕುತ್ತಾ, ಕಣ್ಣನ್ನು ಮಾತ್ರ ಟ್ಯಾಬಿನಿಂದ ಕೀಳದೆ ಕೂರುತ್ತಿದ್ದರು. ಒಂದೊಂದು ಸಲ ಬೇಳೆ ಹಾರಿ ಪೋಸ್ಟಮ್ಮನ ಮುಖಕ್ಕೇ ಬಡಿಯುತ್ತಿತ್ತು. ನಾನು ಯಾವ ವಾಕ್ಯ ಆರಿಸಬೇಕೆಂಬುದನ್ನು ಅವರೇ ತೀರ್ಮಾನಿಸತೊಡಗಿದರು. "ರೊಟ್ಟಿಯೋಳಿಗೆ ನಿಜ ಯೋಳ್ಬೇಡ, ನೊಂದ್ಕೋತಾಳೆ" ಎಂದು ಒಬ್ಬರು, "ಯೋಳ್ಲಿ ಬಿಡು, ಸೊಕ್ಕು ಇಳೀಲಿ" ಎಂದು ಇನ್ನೊಬ್ಬರು. ಅತ್ತ ಮೇಕೆ ಚೀಲಕ್ಕೆ ಬಾಯಿ ಹಾಕಿರುತ್ತಿತ್ತು.

ಸತ್ಯ ಹೇಳಬೇಕೆಂದರೆ ನನಗೂ ಹುಚ್ಚು ಹಿಡಿದಿತ್ತು. ಗೈಡನ್ನು ಮುಟ್ಟದೆ ತಿಂಗಳಾಗಿತ್ತು. ಸಾರು ಎರಡು ಸಲ ತಳ ಹಿಡಿಯಿತು. ಯಜಮಾನರು ತಟ್ಟೆ ನೋಡಿ, "ಇವತ್ತು ದ್ವೀಪದಲ್ಲಿ ಬಹಳ ಕೆಲ್ಸ ಇತ್ತೇನೋ" ಎಂದಷ್ಟೇ ಹೇಳಿದರು.

ಪರೀಕ್ಷೆಗೆ ಮೂರು ವಾರವಿರುವಾಗ ಶಾಹೀನ್ ಒಂದು ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಸ್ಟಾಫ್ ರೂಮಿನಲ್ಲೇ ಕೂರಿಸಿ ಬರೆಸಿದಳು. ಇಪ್ಪತ್ತೊಂಬತ್ತು ಬಂತು. ಪಿಯುಸಿ ಇಂಗ್ಲಿಷಿನಲ್ಲಿ ನನಗೆ ಬಂದ ಅತಿ ಹೆಚ್ಚು ಮಾರ್ಕ್ಸು, ಆದರೂ ಫೇಲು. ಅವಳು ನಗಲಿಲ್ಲ.

"ಗ್ರಾಮರೆಲ್ಲ ಸರಿ. ಪಾಠ ಪದ್ಯ ಒಂದೂ ಮುಟ್ಟಿಲ್ಲ ನೀವು. ಆ ಪ್ರಶ್ನೆಗಳ ಮುಂದೆ ಬರೀ ಜಾಗ ಬಿಟ್ಟಿದೀರ. ಟ್ಯಾಬ್ ವಾಪಸ್ ಕೊಡಿ."

"ಇನ್ನು ಎರಡೇ ಕಾಗದ ಉಳಿದಿದೆ ಕಣೇ."

"ಸುಜಾತಕ್ಕ," ಎಂದಳು ಅವಳು. ಅಲ್ಲಿಯವರೆಗೆ ಅವಳು ನನ್ನನ್ನು ಅಕ್ಕ ಎಂದದ್ದಿಲ್ಲ. "ಜೂನ್‌ನಲ್ಲಿ ನನ್ ಪಕ್ಕದ ಕ್ಲಾಸಲ್ಲಿ ನೀವಿರ್ಬೇಕು ನಂಗೆ. ಕೊಡಿ ಇಲ್ಲಿ."

ಕೊಟ್ಟೆ. ಬರಿಗೈಯಲ್ಲಿ ಮನೆಗೆ ಬಂದಾಗ ಜಗಲಿಯಲ್ಲಿ ಇಬ್ಬರೂ ಮುದುಕಿಯರು ಕಾಯುತ್ತಿದ್ದರು. ವಿಷಯ ಕೇಳಿ ಅವರ ಮುಖ ಸಣ್ಣದಾಯಿತು. ಪಾಠದ ಪುಸ್ತಕವನ್ನೇ ತಂದು ಕೂತೆ. ಆಟ ಇಲ್ಲದಿದ್ದರೆ ಬೇಡ, ಇದನ್ನೇ ಓದಿ ಹೇಳುತ್ತೇನೆ ಎಂದೆ. ಪಾಠಗಳು ನಡೆದವು, ಅವುಗಳಲ್ಲಿ ಕತೆ ಇತ್ತು. ಪದ್ಯ ಮಾತ್ರ ಕಷ್ಟವಾಯಿತು. ಕವಿಯೊಬ್ಬ ಬಂದು ಮೋಡ ನೋಡಿದ, ನದಿ ನೋಡಿದ, ನಿಟ್ಟುಸಿರು ಬಿಟ್ಟ ಎಂದು ವಿವರಿಸಿದರೆ, ಚಿಕ್ಕತ್ತೆ, "ಆಮ್ಯಾಕೆ?" ಎಂದರು. ಆಮೇಲೆ ಏನಿಲ್ಲ, ಅಷ್ಟೇ ಎಂದೆ. "ಇವ್ನಿಗೆ ಕೆಲ್ಸ ಇಲ್ವಾ?" ಎಂದರು ಅತ್ತೆ. ಆದರೂ ಎದ್ದು ಹೋಗಲಿಲ್ಲ. ಚಿಕ್ಕತ್ತೆ ಊರಿಗೆ ಹೊರಟ ಮೇಲೂ ಅತ್ತೆ ಒಬ್ಬರೇ ದಿನಾ ಕೂತು ಆ ಕೆಲಸವಿಲ್ಲದ ಕವಿಗಳ ದೂರನ್ನೆಲ್ಲ ಕೇಳಿಸಿಕೊಂಡರು. ನನಗೆ ತೂಕಡಿಕೆ ಬಂದರೆ ಮೊಣಕೈಯಿಂದ ತಿವಿಯುತ್ತಿದ್ದರು.

ಪರೀಕ್ಷೆ ಯಲಹಂಕದ ಒಂದು ಕಾಲೇಜಿನಲ್ಲಿ. ಗೇಟಿನವನು ನನ್ನನ್ನು ನೋಡಿದವನೇ, "ಪೇರೆಂಟ್ಸೆಲ್ಲ ಆಚೆ ನಿಂತ್ಕೊಳಿ ಮೇಡಂ" ಎಂದ. ಹಾಲ್ ಟಿಕೆಟ್ ತೋರಿಸಿದೆ. ಫೋಟೋವನ್ನೂ ನನ್ನನ್ನೂ ಎರಡು ಸಲ ನೋಡಿ, ದನಿ ತಗ್ಗಿಸಿ, "ಮೂರ್ನೇ ರೂಮು, ಚೆನ್ನಾಗ್ ಬರೀರಿ" ಎಂದ. ಪಕ್ಕದ ಡೆಸ್ಕಿನ ಹುಡುಗಿ ನನ್ನ ಮಗನಿಗಿಂತ ಚಿಕ್ಕವಳು. ನಾನು ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತಿದ್ದೆ. "ಆಂಟಿ, ನೀರ್ ಕುಡೀರಿ" ಎಂದು ಬಾಟಲು ಕೊಟ್ಟಳು.

ಪ್ರಶ್ನೆಪತ್ರಿಕೆ ಬಂತು. ಮೊದಲ ಹತ್ತು ನಿಮಿಷ ಅಕ್ಷರಗಳೆಲ್ಲ ಇರುವೆಗಳಂತೆ ಹರಿದಾಡಿದವು. ಆಮೇಲೆ ಒಂದು ಕಡೆ ಕಣ್ಣು ನಿಂತಿತು. ಒಬ್ಬ ಅಂಗಡಿಯವನಿಗೂ ಗಿರಾಕಿಗೂ ನಡೆದ ನಾಲ್ಕು ಸಾಲಿನ ಸಂಭಾಷಣೆ, ಅದನ್ನು ವರದಿಯಾಗಿ ಬರೆಯಿರಿ. ಆ ಕೋಣೆಯ ಫ್ಯಾನಿನ ಸದ್ದಿನಲ್ಲೂ ನನಗೆ ಅತ್ತೆಯ ಪ್ರಶ್ನೆಗಳು ಸ್ಪಷ್ಟವಾಗಿ ಕೇಳಿಸಿದವು. ಅವ್ನ್ ಏನಂದ, ಅದ್ಕೆ ಇವ್ನ್ ಏನಂದ. ಒಂದೂ ಚಿತ್ತಿಲ್ಲದೆ ಬರೆದೆ. ಕೆಲಸಕ್ಕೆ ಅರ್ಜಿ ಬರೆಯುವ ಪ್ರಶ್ನೆಯೂ ಇತ್ತು. ಆಟದಲ್ಲಿ ಪೋಸ್ಟಮ್ಮ ವಾರಕ್ಕೊಮ್ಮೆ ಹೆಡ್ ಆಫೀಸಿಗೆ ತಾನೂ ಒಂದು ಕಾಗದ ಬರೆಯಬೇಕಿತ್ತು, ಆ ಕ್ರಮ ಬೆರಳಿಗೇ ಅಂಟಿತ್ತು. ಹುರುಪಿನಲ್ಲಿ ಮೊದಲ ಸಾಲಿನಲ್ಲಿ, ನಾನು ಈ ದ್ವೀಪದ ಅಂಚೆಯವಳು ಎಂದೇ ಬರೆದುಬಿಟ್ಟಿದ್ದೆ. ಕಂಡು ಬೆವತು, ಅಡ್ಡಗೆರೆ ಎಳೆದು, ಮಕ್ಕಳ ಶಾಲೆಯಲ್ಲಿ ಹನ್ನೊಂದು ವರ್ಷದ ಅನುಭವವಿದೆ ಎಂದು ತಿದ್ದಿದೆ. ಪದ್ಯದ ಪ್ರಶ್ನೆಗೆ ಕವಿ ಯಾಕೆ ನಿಟ್ಟುಸಿರು ಬಿಟ್ಟ ಎಂಬುದಕ್ಕೆ ಅರ್ಧ ಪುಟ ಬರೆದೆ. ಅವನ ಪರವಾಗಿ ಅತ್ತೆಯ ಹತ್ತಿರ ಅಷ್ಟು ವಾದಿಸಿದ್ದೆನಲ್ಲ, ಸಾಕಷ್ಟು ಸಾಮಗ್ರಿ ಇತ್ತು.

ಫಲಿತಾಂಶದ ದಿನ ಶಾಹೀನ್ ತನ್ನ ಫೋನಿನಲ್ಲಿ ನಂಬರ್ ಹಾಕಿ, ಸ್ವಲ್ಪ ಹೊತ್ತು ನೋಡಿ, ಫೋನನ್ನು ನನ್ನ ಕೈಗೇ ಕೊಟ್ಟಳು. ಇಂಗ್ಲಿಷ್ ಐವತ್ಮೂರು. ನಾನು ಅಲ್ಲೇ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂತುಬಿಟ್ಟೆ. ಎದ್ದೇಳಲು ಇಬ್ಬರು ಕೈ ಹಿಡಿಯಬೇಕಾಯಿತು. ಮನೆಗೆ ಬಂದು ಹೇಳಿದಾಗ ಅತ್ತೆ ಏನೂ ಸಂಭ್ರಮ ತೋರಿಸಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟರು. ಎಲ್ಲಿಗೆ ಎಂದೆ. "ರೇಷನ್ ಅಂಗ್ಡಿಗೆ" ಎಂದರು. ಅದು ರೇಷನ್ ಕೊಡುವ ದಿನವಲ್ಲ.

ಜೂನ್ ತಿಂಗಳಲ್ಲಿ ನಾನು ನರ್ಸರಿಯ ಅಸಿಸ್ಟೆಂಟ್ ಟೀಚರಾದೆ. ಕೆಲಸದಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ. ಮೂಗು ಈಗಲೂ ಒರೆಸುತ್ತೇನೆ. ಬದಲಾದದ್ದು ತಿಂಗಳ ಕೊನೆಯ ಶನಿವಾರ, ತಂದೆತಾಯಿಯರು ಬರುವ ದಿನ. ಹನ್ನೊಂದು ವರ್ಷ ಆ ದಿನ ನಾನು ಗೇಟಿನ ಹತ್ತಿರ ಚಪ್ಪಲಿ ಜೋಡಿಸುತ್ತಿದ್ದೆ. ಈ ಸಲ ನನಗೊಂದು ಮೇಜು, ಎದುರಿಗೆ ಎರಡು ಕುರ್ಚಿ. ಹಿಂದಿನ ಸಂಜೆಯೇ ಪ್ರತಿ ಮಗುವಿನ ಬಗ್ಗೆ ಮೂರು ಮೂರು ಇಂಗ್ಲಿಷ್ ವಾಕ್ಯ ಚೀಟಿಯಲ್ಲಿ ಬರೆದು, ಗಟ್ಟಿ ಮಾಡಿಕೊಂಡು ಬಂದಿದ್ದೆ.

ಮೊದಲು ಬಂದವಳು ಧೃತಿಯ ಅಮ್ಮ. ಇಪ್ಪತ್ತೈದು ಇಪ್ಪತ್ತಾರರ ಹುಡುಗಿ, ಇಸ್ತ್ರಿ ಮಾಡಿದ ಚೂಡಿದಾರ್, ಮಡಿಲಲ್ಲಿ ಬ್ಯಾಗನ್ನು ಎರಡೂ ಕೈಯಿಂದ ಹಿಡಿದು ಕುರ್ಚಿಯ ತುದಿಯಲ್ಲಿ ಕೂತಳು. ನಾನು ಗಂಟಲು ಸರಿಮಾಡಿಕೊಂಡು ಮೂರೂ ವಾಕ್ಯಗಳನ್ನು ಒಂದರ ಹಿಂದೆ ಒಂದು ಹೇಳಿದೆ. ಒಂದೂ ತಪ್ಪಲಿಲ್ಲ. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಬಹಳ ಮೆಲ್ಲಗೆ ಹೇಳಿದಳು.

"ಮೇಡಂ, ತಪ್ಪು ತಿಳ್ಕೋಬೇಡಿ. ಸ್ವಲ್ಪ ಕನ್ನಡದಲ್ಲಿ ಹೇಳ್ತೀರಾ? ನಂಗೆ ಇಂಗ್ಲಿಷು ಅಷ್ಟು ಬರಲ್ಲ."

ನಾನು ಚೀಟಿಯನ್ನು ಮೇಜಿನ ಮೇಲೆ ಮಗುಚಿಟ್ಟೆ. ಕುರ್ಚಿಯನ್ನು ಎಳೆದುಕೊಂಡು ಅವಳ ಪಕ್ಕಕ್ಕೇ ಹೋಗಿ ಕೂತೆ.

"ನಿಮ್ ಮಗಳು ದಿನಾ ಹನ್ನೊಂದು ಗಂಟೆಗೆ ಕಿಟಕಿ ಹತ್ರ ಹೋಗಿ ನಿಂತ್ಕೋತಾಳೆ," ಎಂದೆ. "ಯಾಕೆ ಗೊತ್ತಾ? ಎದುರುಗಡೆ ಮನೆ ಅಜ್ಜಿ ಆ ಹೊತ್ತಿಗೆ ಬಟ್ಟೆ ಒಣಗಾಕೋಕೆ ಬರ್ತಾರೆ. ಇವಳು ಇಲ್ಲಿಂದ ಒಂದೊಂದೇ ಬಟ್ಟೆ ಎಣಿಸ್ತಾಳೆ."

ಬ್ಯಾಗಿನ ಮೇಲಿದ್ದ ಅವಳ ಕೈ ಸಡಿಲವಾಯಿತು. "ಎಷ್ಟರವರೆಗೆ ಎಣಿಸ್ತಾಳೆ ಮೇಡಂ?" ಎಂದು ಕೇಳಿದಳು. ಹೊರಗೆ ಕಾಯುತ್ತಿದ್ದವರು ಇನ್ನೂ ಎಂಟು ಜನ ಇದ್ದರು. ಇರಲಿ ಎಂದುಕೊಂಡು, ನಾನು ಧೃತಿಯ ಕತೆಯನ್ನು ಮೊದಲಿನಿಂದ ಹೇಳತೊಡಗಿದೆ.